ಬಿಡುವ ವಿವೇಕ

ಆಟದ ಇಟ್ಟಿಗೆಗಳು ಹೆಚ್ಚಿದಷ್ಟೂ ಮಾದರಿಯು ಉತ್ತಮವಾಗುವುದೆಂದು ಮಕ್ಕಳು ಭಾವಿಸುವುದುಂಟು. ಈ ಭಾವನೆ ಸರಿಯಲ್ಲ. ಡೆನ್ಮಾರ್ಕಿನ ಲೆಗೊ ಸಂಸ್ಥೆಯು 2008ರಲ್ಲಿ ಷಿಕಾಗೊ ನಗರದ ಸಿಯರ್ಸ್ ಗೋಪುರದ (ಇಂದಿನ ವಿಲ್ಲಿಸ್ ಗೋಪುರ) ಪುಟ್ಟ ಮಾದರಿಯೊಂದನ್ನು ಹೊರತಂದಿತು. 442 ಮೀಟರ್ ಎತ್ತರದ ಆ ಸೌಧವು ಅದರಲ್ಲಿ ಕೇವಲ 69 ತುಣುಕುಗಳಲ್ಲಿ ಅಡಗಿತು. ಸಾವಿರಾರು ಕಿಟಕಿಗಳು ಅಲ್ಲಿಲ್ಲ; ಆದರೂ ನೋಡಿದೊಡನೆ ಗುರುತು ಹತ್ತುತ್ತದೆ. ಏಕೆ? ಇಂಜಿನಿಯರ್ ಫಜ್ಲುರ್ ಖಾನರು ಒಂಬತ್ತು ಚೌಕ ಕೊಳವೆಗಳನ್ನು ಜೋಡಿಸಿದಂತೆ ಆ ಸೌಧವನ್ನು ರೂಪಿಸಿದರು. ಅವು ಬೇರೆ ಬೇರೆ ಎತ್ತರಗಳಲ್ಲಿ ಕೊನೆಗೊಳ್ಳುವುದರಿಂದ ಗೋಪುರವು ಮೇಲೇರಿದಂತೆ ಮೆಟ್ಟಿಲುಮೆಟ್ಟಿಲಾಗಿ ಕಿರಿದಾಗುತ್ತದೆ. ಮಾದರಿಯು ಆ ಮೆಟ್ಟಿಲುಗಳನ್ನು ಉಳಿಸಿಕೊಂಡು ಮಿಕ್ಕುದನ್ನು ಬಿಟ್ಟಿತು. ಏನನ್ನು ಬಿಡಬೇಕೆಂದು ತಿಳಿಯಲು, ಯಾವುದು ಮುಖ್ಯವೆಂಬುದನ್ನು ಮೊದಲು ಅರಿಯಬೇಕು. ಕೈಯಲ್ಲಿ ಹತ್ತೇ ಇಟ್ಟಿಗೆಗಳಿರುವ ಮಗುವೂ ಈ ವಿವೇಕವನ್ನು ಗಳಿಸಬಲ್ಲದು. ಹಣದಿಂದ ಕೊಳ್ಳಬಹುದಾದುದು ಇಟ್ಟಿಗೆಯೇ ಹೊರತು ನೋಟವಲ್ಲ.