ಉನ್ನತ ಶಿಕ್ಷಣದ ವೆಚ್ಚ: ಮೊದಲು ಕುಳಿತು ಲೆಕ್ಕ ಹಾಕೋಣ

ಪ್ರತಿವರ್ಷ ದ್ವಿತೀಯ ಪಿಯುಸಿ ಫಲಿತಾಂಶ ಪ್ರಕಟವಾಗಿ ಸಿಇಟಿ ಸೀಟು ಹಂಚಿಕೆ ಆರಂಭವಾಗುವ ಹೊತ್ತಿಗೆ ನಮ್ಮ ಅನೇಕ ಮನೆಗಳಲ್ಲಿ ಸಂತೋಷವೂ ಸಂಕಟವೂ ಒಟ್ಟಿಗೇ ಕಾಲಿಡುತ್ತವೆ. ಮಗಳಿಗೆ ನರ್ಸಿಂಗ್ ಸೀಟು ದೊರೆತಿದೆ. ಮಗನಿಗೆ ಇಂಜಿನಿಯರಿಂಗ್ ಸೀಟು ದೊರೆತಿದೆ. ಆದರೆ ಶುಲ್ಕ ಕಟ್ಟಲು ಉಳಿದಿರುವುದು ಕೆಲವೇ ದಿನಗಳು. ಆಗ ತಾಯಿಯ ಕೊರಳಿನ ಸರ ಅಡವಿಗೆ ಹೋಗುತ್ತದೆ, ಗಲ್ಫಿನಲ್ಲಿರುವ ಸೋದರಮಾವನಿಗೆ ದೂರವಾಣಿ ಕರೆ ಹೋಗುತ್ತದೆ. ಎರಡೂ ಇಲ್ಲದ ಮನೆಯ ಮಗು ಸದ್ದಿಲ್ಲದೆ ಸೀಟು ಬಿಟ್ಟುಕೊಟ್ಟು ಯಾವುದಾದರೂ ಅಂಗಡಿಯಲ್ಲಿ ಕೆಲಸಕ್ಕೆ ಸೇರುತ್ತದೆ. ಈ ಕೊನೆಯ ಸಂಗತಿ ಯಾವ ವರದಿಯಲ್ಲೂ ಬರುವುದಿಲ್ಲ. ಮುಂದಿನ ಭಾನುವಾರದ ಬಲಿಪೂಜೆಯಲ್ಲಿ ಆ ಮಗು ನಮ್ಮ ಪಕ್ಕದ ಬೆಂಚಿನಲ್ಲಿಯೇ ಕುಳಿತಿರುತ್ತದೆ. ನಮಗೆ ಮಾತ್ರ ವಿಷಯ ಗೊತ್ತಿರುವುದಿಲ್ಲ.

ಗೋಪುರ ಕಟ್ಟಬೇಕೆಂದು ಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂಬ ಪ್ರಭು ಯೇಸುವಿನ ಸಾಮತಿಯನ್ನು ಸಂತ ಲೂಕರ ಶುಭಸಂದೇಶದಲ್ಲಿ ನಾವೆಲ್ಲರೂ ಕೇಳಿದ್ದೇವೆ. ಮಕ್ಕಳ ವಿದ್ಯಾಭ್ಯಾಸದ ವಿಷಯದಲ್ಲಿ ನಾವು ಲೆಕ್ಕ ಹಾಕುವುದು ಗೋಪುರಕ್ಕೆ ಕಲ್ಲು ಇಳಿಸಿದ ಮೇಲೆ. ಈ ತಡವೇ ನಮ್ಮ ಬಹುಪಾಲು ಕಷ್ಟಕ್ಕೆ ಮೂಲವೆಂಬುದು ನಮ್ಮ ಅಭಿಪ್ರಾಯ. ಲೆಕ್ಕವನ್ನು ಬೇಗನೆ ಹಾಕಬೇಕಾದ ಅಗತ್ಯ ಈಚಿನ ವರ್ಷಗಳಲ್ಲಿ ಹೆಚ್ಚಾಗಿರುವುದಕ್ಕೆ ಕಾರಣವೂ ಇದೆ.

ವೇತನ ಕಿರಿದಾಯಿತು, ಸಾಲ ಹಿರಿದಾಯಿತು

2006ರಲ್ಲಿ ಪ್ರಧಾನಮಂತ್ರಿಯವರ ಹೊಸ 15 ಅಂಶಗಳ ಕಾರ್ಯಕ್ರಮ ಪ್ರಕಟವಾದ ಬಳಿಕ, 2007-08ರಿಂದ ಅಲ್ಪಸಂಖ್ಯಾತ ಸಮುದಾಯಗಳಿಗಾಗಿ ಕೇಂದ್ರ ಸರಕಾರದ ವಿದ್ಯಾರ್ಥಿವೇತನಗಳು ಒಂದೊಂದಾಗಿ ಜಾರಿಗೆ ಬಂದವು. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ, ವೃತ್ತಿ ಶಿಕ್ಷಣಕ್ಕಾಗಿ ಪ್ರತಿಭೆ ಮತ್ತು ಆದಾಯ ಎರಡನ್ನೂ ನೋಡಿ ಕೊಡುವ ವೇತನ, ಸಂಶೋಧನಾ ವಿದ್ಯಾರ್ಥಿಗಳಿಗಾಗಿ ಮೌಲಾನಾ ಆಜಾದ್ ಫೆಲೋಶಿಪ್, ವಿದೇಶ ವ್ಯಾಸಂಗದ ಸಾಲಕ್ಕೆ ಬಡ್ಡಿ ಸಹಾಯಧನ ನೀಡುವ ‘ಪಢೋ ಪರದೇಶ್’, ಇವುಗಳಿಂದ ನಮ್ಮ ಎಷ್ಟೋ ಮಕ್ಕಳಿಗೆ ಉಪಕಾರವಾಯಿತು.

2022-23ರಿಂದ ಗಾಳಿಯ ದಿಕ್ಕು ಬದಲಾಯಿತು. ಮೌಲಾನಾ ಆಜಾದ್ ಫೆಲೋಶಿಪ್ ಮತ್ತು ಪಢೋ ಪರದೇಶ್ ಎರಡನ್ನೂ ನಿಲ್ಲಿಸಲಾಯಿತು. ಮೆಟ್ರಿಕ್ ಪೂರ್ವ ವೇತನವನ್ನು 9 ಮತ್ತು 10ನೆಯ ತರಗತಿಗಳಿಗೆ ಸೀಮಿತಗೊಳಿಸಲಾಯಿತು. 2023ರಲ್ಲಿ ಕೇಂದ್ರ ಸಚಿವಾಲಯ ಪರಿಶೀಲಿಸಿದ 1,572 ಸಂಸ್ಥೆಗಳ ಪೈಕಿ 830ರಲ್ಲಿ ವಿದ್ಯಾರ್ಥಿವೇತನದ ಅಕ್ರಮ ಕಂಡುಬಂದು, ಪ್ರಕರಣ ಸಿಬಿಐ ಕೈಗೆ ಹೋಯಿತು. ವಂಚಕರಿಗೆ ಶಿಕ್ಷೆಯಾಗಲೇಬೇಕು. ಆದರೆ ಸುಳ್ಳು ದಾಖಲೆ ಸೃಷ್ಟಿಸಿದವರ ತಪ್ಪಿಗೆ ನಿಜವಾದ ಬಡ ವಿದ್ಯಾರ್ಥಿ ಕಾಯುತ್ತ ಕುಳಿತುಕೊಳ್ಳಬೇಕಾಗಿ ಬಂದದ್ದು ನ್ಯಾಯವೆನ್ನಲಾಗದು.

ಇತ್ತ 2024ರ ನವೆಂಬರ್ 6ರಂದು ಕೇಂದ್ರ ಸಚಿವ ಸಂಪುಟವು ‘ಪಿಎಂ ವಿದ್ಯಾಲಕ್ಷ್ಮಿ’ ಯೋಜನೆಗೆ ಒಪ್ಪಿಗೆ ನೀಡಿತು. 2030-31ರವರೆಗೆ 3,600 ಕೋಟಿ ರೂಪಾಯಿ ವೆಚ್ಚದ ಈ ಯೋಜನೆಯಲ್ಲಿ ಅಡಮಾನವಿಲ್ಲದೆ, ಜಾಮೀನುದಾರರಿಲ್ಲದೆ ಶಿಕ್ಷಣ ಸಾಲ ದೊರೆಯುತ್ತದೆ. ಏಳೂವರೆ ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಸರಕಾರವೇ ಶೇಕಡ 75ರಷ್ಟು ಖಾತರಿ ನಿಲ್ಲುತ್ತದೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿ ಮೀರದಿದ್ದರೆ, 10 ಲಕ್ಷದವರೆಗಿನ ಸಾಲಕ್ಕೆ ಮರುಪಾವತಿ ಆರಂಭವಾಗುವ ತನಕ ಶೇಕಡ 3ರ ಬಡ್ಡಿ ರಿಯಾಯಿತಿ ಉಂಟು.

ಯೋಜನೆ ಒಳ್ಳೆಯದೇ. ಆದರೆ ಆರಂಭದಲ್ಲಿ ಅದರ ವ್ಯಾಪ್ತಿಗೆ ಸೇರಿಸಿದ್ದು ರಾಷ್ಟ್ರೀಯ ಶ್ರೇಯಾಂಕದಲ್ಲಿ ಮೇಲಿರುವ ಹಾಗೂ ಕೇಂದ್ರ ಸರಕಾರದ ಒಟ್ಟು 860 ಸಂಸ್ಥೆಗಳನ್ನು. ಕಾಫಿ ತೋಟದ ಕಾರ್ಮಿಕನ ಮಗಳು ಓದುವ ತಾಲೂಕು ಕೇಂದ್ರದ ಕಾಲೇಜು ಅಂಥ ಪಟ್ಟಿಯಲ್ಲಿ ಇರುವುದು ಅಪರೂಪ. ಒಟ್ಟಿನಲ್ಲಿ ದುರ್ಬಲನಿಗೆ ಉಚಿತವಾಗಿ ಸಿಗುತ್ತಿದ್ದ ನೆರವು ಕಿರಿದಾಗಿ, ಶ್ರೇಷ್ಠ ಸಂಸ್ಥೆಯಲ್ಲಿ ಸೀಟು ಗಳಿಸಿದವನಿಗೆ ಸಿಗುವ ಸಾಲ ಹಿರಿದಾಗಿದೆ. ಸಾಲವೂ ನೆರವೇ ಹೌದು. ಆದರೆ ಅದು ಮರಳಿಸಬೇಕಾದ ನೆರವು. ಈ ವ್ಯತ್ಯಾಸವನ್ನು ನಾವು ಮರೆಯಬಾರದು.

ಒಂದು ಲೆಕ್ಕ

ಉದಾಹರಣೆಗೆ, ನಾಲ್ಕು ವರ್ಷದ ಕೋರ್ಸಿಗೆ ಏಳೂವರೆ ಲಕ್ಷ ರೂಪಾಯಿ ಸಾಲವನ್ನು ವರ್ಷಕ್ಕೊಂದರಂತೆ ನಾಲ್ಕು ಸಮ ಕಂತುಗಳಲ್ಲಿ ಪಡೆದೆವೆಂದು ಭಾವಿಸೋಣ. ಬಡ್ಡಿ ಶೇಕಡ 10. ಓದು ಮುಗಿದು ಒಂದು ವರ್ಷದ ವರೆಗೆ ಮರುಪಾವತಿ ಇಲ್ಲ. ಆದರೆ ಸರಳ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಐದನೆಯ ವರ್ಷದ ಕೊನೆಗೆ ಬಡ್ಡಿಯೇ 2,62,500 ರೂಪಾಯಿಯಾಗಿ, ಒಟ್ಟು ಸಾಲ 10,12,500ಕ್ಕೆ ಏರಿರುತ್ತದೆ. ಹತ್ತು ವರ್ಷಗಳಲ್ಲಿ ತೀರಿಸಲು ತಿಂಗಳಿಗೆ ಸುಮಾರು 13,400 ರೂಪಾಯಿ ಕಟ್ಟಬೇಕು. ಈ ಐದು ವರ್ಷಗಳ ಬಡ್ಡಿಯ ಹೊರೆ ಇಲ್ಲದಿದ್ದರೆ ಅದೇ ಕಂತು ಸುಮಾರು 9,900 ರೂಪಾಯಿ. ಹೊಸದಾಗಿ ಕೆಲಸಕ್ಕೆ ಸೇರಿದ ನರ್ಸ್ ಒಬ್ಬಳಿಗೆ ತಿಂಗಳಿಗೆ ಮೂರೂವರೆ ಸಾವಿರ ರೂಪಾಯಿಯ ಅಂತರ ಎಷ್ಟು ದೊಡ್ಡದೆಂಬುದನ್ನು ನಾವು ವಿವರಿಸಬೇಕಾಗಿಲ್ಲ.

ಈ ಬಡ್ಡಿಯನ್ನು ಸಂಪೂರ್ಣವಾಗಿ ಸರಕಾರವೇ ಭರಿಸುವ ಕೇಂದ್ರದ ಬಡ್ಡಿ ಸಹಾಯಧನ ಯೋಜನೆಯೊಂದು 2009ರಿಂದಲೂ ಇದೆ. ಹೆತ್ತವರ ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷ ರೂಪಾಯಿಯೊಳಗಿರಬೇಕು. ಭಾರತದಲ್ಲಿಯೇ ವೃತ್ತಿಪರ ಅಥವಾ ತಾಂತ್ರಿಕ ಶಿಕ್ಷಣ ಪಡೆಯುತ್ತಿರಬೇಕು. ಸಂಸ್ಥೆಗೆ ನ್ಯಾಕ್ ಅಥವಾ ಎನ್‌ಬಿಎ ಮಾನ್ಯತೆ, ನರ್ಸಿಂಗಿನಂಥ ಕೋರ್ಸಿಗೆ ಆಯಾ ನಿಯಂತ್ರಣ ಮಂಡಳಿಯ ಅನುಮೋದನೆ ಇರಬೇಕು. ಸಾಲ ಪಡೆಯುವ ಹೊತ್ತಿಗೇ ಆದಾಯ ಪ್ರಮಾಣಪತ್ರವನ್ನು ಬ್ಯಾಂಕಿಗೆ ಕೊಟ್ಟು ಈ ಸೌಲಭ್ಯವನ್ನು ಬಾಯಿಬಿಟ್ಟು ಕೇಳಬೇಕು. ಕೇಳದೆ ಇದ್ದವರು ಎರಡೂವರೆ ಲಕ್ಷಕ್ಕೂ ಮಿಕ್ಕಿದ ಹಣವನ್ನು ಸುಮ್ಮನೆ ಕಳೆದುಕೊಂಡಂತೆ.

ಏಣಿಯ ಮೆಟ್ಟಿಲುಗಳು

ಆದುದರಿಂದ ನೆರವನ್ನು ಹುಡುಕುವುದಕ್ಕೂ ಒಂದು ಕ್ರಮವಿರಬೇಕು. ಮೊದಲನೆಯ ಮೆಟ್ಟಿಲು, ಮರಳಿಸಬೇಕಾಗಿಲ್ಲದ ಹಣ. ಪಿಯುಸಿಯಲ್ಲಿ ಮೇಲಿನ ಶೇಕಡ 20ರ ಶ್ರೇಣಿಯೊಳಗೆ ಬಂದ, ನಾಲ್ಕೂವರೆ ಲಕ್ಷದೊಳಗಿನ ಆದಾಯದ ಮನೆಯ ಮಕ್ಕಳಿಗೆ ಕೇಂದ್ರದ ವಿದ್ಯಾರ್ಥಿವೇತನವಿದೆ: ಪದವಿಯಲ್ಲಿ ವರ್ಷಕ್ಕೆ 12,000, ಸ್ನಾತಕೋತ್ತರದಲ್ಲಿ 20,000 ರೂಪಾಯಿ. ಇದಕ್ಕೆ ಜಾತಿ ಮತಗಳ ಭೇದವಿಲ್ಲ. ತಾಂತ್ರಿಕ ಶಿಕ್ಷಣಕ್ಕೆ ಸೇರುವ ಹೆಣ್ಣುಮಕ್ಕಳಿಗೆ ಎಐಸಿಟಿಇಯ ‘ಪ್ರಗತಿ’ ಯೋಜನೆಯಲ್ಲಿ ವರ್ಷಕ್ಕೆ 50,000 ರೂಪಾಯಿ. ಒಂದೇ ಮನೆಯ ಇಬ್ಬರು ಹೆಣ್ಣುಮಕ್ಕಳಿಗೂ ಸಿಗಬಹುದು. ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಬೋಧನಾ ಶುಲ್ಕ ವಿನಾಯಿತಿಯ ಹೆಚ್ಚುವರಿ ಸೀಟುಗಳಿವೆ. ಎಸ್‌ಎನ್‌ಕ್ಯೂ ಎಂದು ಕರೆಯುವ ಈ ಸೀಟನ್ನು 8 ಲಕ್ಷದೊಳಗಿನ ಆದಾಯದವರು ಸಿಇಟಿ ಹಂತದಲ್ಲಿಯೇ ಕೋರಬೇಕು. ರಾಜ್ಯದ ಅಲ್ಪಸಂಖ್ಯಾತರ ಮತ್ತು ಹಿಂದುಳಿದ ವರ್ಗಗಳ ಇಲಾಖೆಗಳ ವೇತನಗಳಿಗೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು.

ಎರಡನೆಯ ಮೆಟ್ಟಿಲು, ಕಡಿಮೆ ಬಡ್ಡಿಯ ಸಾಲ. ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮವು ರೂಪಿಸಿದ ‘ಅರಿವು’ ಯೋಜನೆಯಲ್ಲಿ ಸಿಇಟಿ, ನೀಟ್ ಮೂಲಕ ವೃತ್ತಿ ಶಿಕ್ಷಣಕ್ಕೆ ಸೇರಿದವರಿಗೆ ಶೇಕಡ 2ರ ಸೇವಾ ಶುಲ್ಕದಲ್ಲಿ ಸಾಲ ದೊರೆಯುತ್ತದೆ.

ಮೂರನೆಯದು ಬ್ಯಾಂಕ್ ಸಾಲ. 4 ಲಕ್ಷ ರೂಪಾಯಿವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಅಡಮಾನ ಕೇಳುವಂತಿಲ್ಲ. ಏಳೂವರೆ ಲಕ್ಷದವರೆಗೆ 2015ರಿಂದ ಸರಕಾರದ ಸಾಲ ಖಾತರಿ ನಿಧಿಯೂ ಬೆನ್ನಿಗಿದೆ. ಅರ್ಜಿಯನ್ನು ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿ ಕೇಳುವ ಧೈರ್ಯ ನಮಗಿರಬೇಕು. ಸಾಧ್ಯವಾದವರು ಓದಿನ ಅವಧಿಯಲ್ಲಿಯೇ ಬಡ್ಡಿ ಕಟ್ಟುವುದು ಜಾಣತನ. ಮೇಲಿನ ಉದಾಹರಣೆಯಲ್ಲಿ ಮೊದಲ ವರ್ಷ ಅದು ತಿಂಗಳಿಗೆ ಸುಮಾರು 1,560 ರೂಪಾಯಿ ಮಾತ್ರ. ಕಂತು ತಪ್ಪಿದರೆ ಮಗುವಿನ ಹೆಸರಷ್ಟೇ ಅಲ್ಲ, ಜೊತೆಗೆ ಸಹಿ ಹಾಕಿದ ತಂದೆ ತಾಯಿಯ ಹೆಸರೂ ಬ್ಯಾಂಕುಗಳ ಕಡತದಲ್ಲಿ ಕೆಡುತ್ತದೆ ಎಂಬುದೂ ನೆನಪಿರಲಿ. ಚಿನ್ನದ ಅಡವು, ಬಡ್ಡಿ ವ್ಯಾಪಾರಿಯ ಬಾಗಿಲು, ಇವು ಏಣಿಯ ಕಟ್ಟಕಡೆಯ ಮೆಟ್ಟಿಲುಗಳು. ನಮ್ಮಲ್ಲಿ ಹಲವರು ಹತ್ತಲಾರಂಭಿಸುವುದೇ ಅಲ್ಲಿಂದ.

ಕಾಗದಪತ್ರದ ಎಡವುಗಲ್ಲುಗಳು

ಅರ್ಹತೆಯಿದ್ದೂ ನೆರವು ತಪ್ಪುವುದು ಹೆಚ್ಚಾಗಿ ಕಾಗದಪತ್ರಗಳ ದೋಷದಿಂದ. ನಮ್ಮವರ ಹೆಸರುಗಳೇ ಇದಕ್ಕೆ ಸಾಕ್ಷಿ. ಜ್ಞಾನಸ್ನಾನದ ದಾಖಲೆಯಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಅದರ ಅರ್ಧ, ಆಧಾರ್ ಚೀಟಿಯಲ್ಲಿ ಮನೆತನದ ಹೆಸರು ಮೊದಲು. ಡಿಸೋಜ ಎಂಬ ಒಂದೇ ಹೆಸರಿಗೆ ನಾಲ್ಕು ಬಗೆಯ ಕಾಗುಣಿತ. ಗಣಕಯಂತ್ರಕ್ಕೆ ಇವರೆಲ್ಲ ಬೇರೆ ಬೇರೆ ವ್ಯಕ್ತಿಗಳು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗದೆ ಮಂಜೂರಾದ ಹಣ ಹಿಂದಕ್ಕೆ ಹೋದ ನಿದರ್ಶನಗಳೂ ಇವೆ. ಮಗು ಹತ್ತನೆಯ ತರಗತಿಯಲ್ಲಿರುವಾಗಲೇ ಇವನ್ನು ಸರಿಪಡಿಸಿಕೊಳ್ಳುವುದು ಲೇಸು.

ಜಾತಿ ಪ್ರಮಾಣಪತ್ರದ ವಿಷಯದಲ್ಲಿ ಅನೇಕರಿಗೆ ಗೊಂದಲವಿದೆ. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಕ್ರೈಸ್ತರನ್ನು ಪ್ರವರ್ಗ 3ಬಿಯಲ್ಲಿಯೂ, ಪರಿಶಿಷ್ಟ ಜಾತಿಗಳಿಂದ ಕ್ರೈಸ್ತರಾದವರನ್ನು ಪ್ರವರ್ಗ 1ರಲ್ಲಿಯೂ ಸೇರಿಸಲಾಗಿದೆ. 1950ರ ರಾಷ್ಟ್ರಪತಿಗಳ ಆದೇಶದ ಕಾರಣ ದಲಿತ ಕ್ರೈಸ್ತರಿಗೆ ಪರಿಶಿಷ್ಟ ಜಾತಿಯ ವಿದ್ಯಾರ್ಥಿವೇತನ ದೊರೆಯುವುದಿಲ್ಲ. ಈ ಪ್ರಶ್ನೆಯ ಪರಿಶೀಲನೆಗೆ 2022ರಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಆಯೋಗ ನೇಮಕವಾಯಿತು. ನ್ಯಾಯಕ್ಕಾಗಿ ಒತ್ತಾಯ ನಡೆಯುತ್ತಿರಲಿ. ಆ ತನಕ ಪ್ರವರ್ಗ 1ರ ಸೌಲಭ್ಯವನ್ನಾದರೂ ಈ ಕುಟುಂಬಗಳು ತಪ್ಪದೆ ಪಡೆಯುವಂತೆ ನೋಡಿಕೊಳ್ಳುವುದು ನಮ್ಮ ಹೊಣೆ. ಕ್ರೈಸ್ತರೆಂದರೆ ದೊಡ್ಡ ಕಾಲೇಜುಗಳ ಒಡೆಯರೆಂದು ಹೊರಗಿನವರು ಭಾವಿಸುತ್ತಾರೆ. 2001ರಲ್ಲಿ ಗಣಿ ಮುಚ್ಚಿದ ಕೋಲಾರ ಚಿನ್ನದ ಗಣಿ ಪ್ರದೇಶದ, ಮಲೆನಾಡಿನ ತೋಟಗಳ ನಮ್ಮ ಸಹೋದರರ ಮನೆ ಅವರಿಗೆ ಕಾಣಿಸದು. ಕೆಲವೊಮ್ಮೆ ನಮಗೂ ಕಾಣಿಸುವುದಿಲ್ಲ.

ಧರ್ಮಕೇಂದ್ರ ಮಾಡಬಹುದಾದುದು

ಎಲ್ಲ ದಾಖಲೆ ಸರಿಯಿದ್ದರೂ ಒಂದು ತೊಡಕು ಉಳಿಯುತ್ತದೆ. ಶುಲ್ಕ ಕಟ್ಟಬೇಕಾದುದು ಇಂದು. ವಿದ್ಯಾರ್ಥಿವೇತನ ಕೈಸೇರುವುದು ಎಷ್ಟೋ ತಿಂಗಳ ಮೇಲೆ. ಈ ನಡುವಿನ ಅಂತರವೇ ಬಡ ಮನೆಗಳನ್ನು ಬಡ್ಡಿಗೆ ನೂಕುವುದು. ಇಲ್ಲಿ ಸರಕಾರವನ್ನು ಕಾಯದೆ ನಮ್ಮ ಧರ್ಮಕೇಂದ್ರಗಳು ಸ್ವತಃ ಕೈ ಹಾಕಬಹುದು. ಐದು ಲಕ್ಷ ರೂಪಾಯಿಯ ಒಂದು ಆವರ್ತ ನಿಧಿಯಿದ್ದರೆ, ತಲಾ 25,000ದಂತೆ ಇಪ್ಪತ್ತು ವಿದ್ಯಾರ್ಥಿಗಳಿಗೆ ಬಡ್ಡಿಯಿಲ್ಲದೆ ಕೈಗಡ ಕೊಡಬಹುದು. ವೇತನ ಬಂದಾಗ ಹಣ ನಿಧಿಗೆ ಮರಳುತ್ತದೆ. ಮುಂದಿನ ವರ್ಷ ಬೇರೆ ಇಪ್ಪತ್ತು ಮಂದಿಗೆ ಅದೇ ಹಣ ಆಸರೆಯಾಗುತ್ತದೆ. ನಮ್ಮ ಮದುವೆಗಳ ರೋಸ್ ಮತ್ತು ಭೋಜನದ ವೆಚ್ಚವನ್ನು ಬಲ್ಲವರಿಗೆ ಈ ಮೊತ್ತ ಅಸಾಧ್ಯವೆಂದು ತೋರದು.

ಕೊಟ್ಟ ಹಣ ಮರಳಿ ಬಾರದಿದ್ದರೆ ಎಂಬ ಸಂದೇಹ ಸಹಜ. ಕೆಲವು ಬಾರಿ ಬಾರದೆಯೂ ಇರಬಹುದು. ಆದರೆ ಕರಾವಳಿಯ ನಮ್ಮ ಹಿರಿಯರು 1912ರಷ್ಟು ಹಿಂದೆಯೇ ಮಂಗಳೂರಿನಲ್ಲಿ ಕಥೊಲಿಕ್ ಸಹಕಾರಿ ಬ್ಯಾಂಕನ್ನು ಕಟ್ಟಿದ್ದು ಪರಸ್ಪರ ವಿಶ್ವಾಸದ ಬಲದಿಂದಲೇ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆ ಆರಂಭವಾದಾಗ ಅದರ ಸ್ಥಾಪಕ ಫ್ರೆಡರಿಕ್ ಓಝಾನಮ್ ಇಪ್ಪತ್ತು ವರ್ಷದ ವಿಶ್ವವಿದ್ಯಾಲಯ ವಿದ್ಯಾರ್ಥಿ. ವಿದ್ಯಾರ್ಥಿಯೊಬ್ಬನು ಬಡವರಿಗಾಗಿ ಕಟ್ಟಿದ ಸಭೆಯ ಘಟಕಗಳು ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿವೆ. ಅವು ಬಡ ವಿದ್ಯಾರ್ಥಿಗಳಿಗಾಗಿ ಈ ನಿಧಿಯನ್ನು ನೋಡಿಕೊಳ್ಳುವುದು ಎಷ್ಟು ಉಚಿತ!

ಹಣಕ್ಕಿಂತಲೂ ಮೊದಲು ಬೇಕಾದುದು ಮಾಹಿತಿ. ಮೇ, ಜೂನ್ ತಿಂಗಳ ಭಾನುವಾರಗಳಲ್ಲಿ ಬಲಿಪೂಜೆಯ ಬಳಿಕ ಚರ್ಚಿನ ಸಭಾಂಗಣದಲ್ಲಿ ಒಂದು ಮೇಜು, ನಿವೃತ್ತ ಶಿಕ್ಷಕರೊಬ್ಬರು, ಬ್ಯಾಂಕ್ ಉದ್ಯೋಗಿಯೊಬ್ಬರು, ಗಣಕಯಂತ್ರ ಬಲ್ಲ ಯುವಕನೊಬ್ಬ, ಇಷ್ಟಿದ್ದರೆ ಸಾಕು. ನೆರವು ಪಡೆದವರ ಹೆಸರನ್ನು ಪ್ರಕಟಿಸದಿರುವ ಸೌಜನ್ಯವೂ ಬೇಕು. ಕೈಯೊಡ್ಡಲು ನಾಚುವ ಮಧ್ಯಮ ವರ್ಗದ ಮನೆಗಳು ಆಗ ಮಾತ್ರ ಮುಂದೆ ಬಂದಾವು.

ನಮ್ಮ ಕಾಲೇಜುಗಳಿಗೂ ಒಂದು ವಿನಂತಿ. ಪ್ರತಿಭೆಯಿದ್ದೂ ಹಣವಿಲ್ಲದ ವಿದ್ಯಾರ್ಥಿಗೆ ಉನ್ನತ ಶಿಕ್ಷಣದ ಬಾಗಿಲು ತೆರೆದಿರಬೇಕೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರಂದು ಪ್ರಕಟಿಸಿದ ಶಿಕ್ಷಣ ಕುರಿತ ಘೋಷಣೆಯಲ್ಲಿ ಆಶಿಸಿತ್ತು. ಅನೇಕ ಸಂಸ್ಥೆಗಳು ಬಡ ಮಕ್ಕಳಿಗೆ ಶುಲ್ಕ ರಿಯಾಯಿತಿ ನೀಡುತ್ತಿವೆಯೆಂಬುದು ನಿಜ. ಆದರೆ ಅದು ಪ್ರಾಂಶುಪಾಲರ ಕೊಠಡಿಯಲ್ಲಿ ಕಣ್ಣೀರಿಟ್ಟವರಿಗೆ ಮಾತ್ರ ಸಿಗುವ ಉಪಕಾರವಾಗದೆ, ಪ್ರವೇಶ ಪುಸ್ತಿಕೆಯ ಮೊದಲ ಪುಟದಲ್ಲಿಯೇ ನಿಯಮಗಳೊಂದಿಗೆ ಅಚ್ಚಾಗಬೇಕು.

ಸರಕಾರದ ಯೋಜನೆಗಳು ಬರುತ್ತವೆ, ಹೋಗುತ್ತವೆ. ವಿದ್ಯಾರ್ಥಿವೇತನ ಹೆಚ್ಚಲೆಂದು ನಾವು ಒತ್ತಾಯಿಸುತ್ತಲೇ ಇರೋಣ. ಅದರ ಜೊತೆಗೆ, ಮುಂದಿನ ಫಲಿತಾಂಶ ಬರುವ ಮೊದಲೇ ಪ್ರತಿಯೊಂದು ಮನೆಯೂ ಪ್ರತಿಯೊಂದು ಧರ್ಮಕೇಂದ್ರವೂ ಒಮ್ಮೆ ಕುಳಿತು ಲೆಕ್ಕ ಹಾಕಲಿ. ಪಕ್ಕದ ಬೆಂಚಿನಲ್ಲಿ ಕುಳಿತ ಆ ಮಗುವನ್ನೂ ಆ ಲೆಕ್ಕದಲ್ಲಿ ಸೇರಿಸಿಕೊಳ್ಳಲಿ.