ಗುಡ್ಡದ ಮೇಲೆ ನಾಯಿಗೆ ಹಗ್ಗ ಇರಲಿ

ಹೊನ್ನಾವರದ ಅಪ್ಸರಕೊಂಡ ನೋಡಿದ್ದೀರಾ? ಗುಡ್ಡದ ತುದಿಯಲ್ಲಿ ನಿಂತರೆ ಕಾಲ ಬುಡದಲ್ಲೇ ಅರಬ್ಬಿ ಸಮುದ್ರ. ಈ ಭಾಗ ಈಗ ಅಪ್ಸರಕೊಂಡ-ಮುಗಳಿ ಕಡಲ ವನ್ಯಜೀವಿಧಾಮ.

ಮೊನ್ನೆ ನಮ್ಮ ಕರಿಯನನ್ನೂ ಕರೆದುಕೊಂಡು ಹೋಗಿದ್ದೆವು. ಮೇಲೆ ಜನ ಇಲ್ಲವೆಂದು ಹಗ್ಗ ಬಿಚ್ಚಿದೆವು. ಟಿಟ್ಟಿಭ ಹಕ್ಕಿಯೊಂದು ಕಿರುಚುತ್ತ ಹಾರಿತು. ಕರಿಯ ಅದರ ಬೆನ್ನು ಹತ್ತಿ ಅಂಚಿನವರೆಗೂ ಓಡಿದ. ನಮ್ಮ ಜೀವ ಬಾಯಿಗೆ ಬಂತು. ದಾರಿಯಲ್ಲಿ ಬರುತ್ತಿದ್ದ ಅಜ್ಜಿಯೊಬ್ಬರು, "ತಮಾ, ಮೊದ್ಲು ನಾಯಿ ಕಟ್ಟು. ಫೋಟೊ ಆಮೇಲೆ ತೆಗೆ" ಎಂದು ಗದರಿದರು.

ಅಜ್ಜಿ ಹೇಳಿದ್ದೇ ಸರಿ. ಟಿಟ್ಟಿಭ ಮರದ ಮೇಲೆ ಗೂಡು ಕಟ್ಟುವುದಿಲ್ಲ, ಬರಿ ನೆಲದಲ್ಲೇ ಮೊಟ್ಟೆ ಇಡುತ್ತದೆ. ಕೆಳಗೆ ಕಾಸರಕೋಡದ ಮರಳಿಗೆ ಆಲಿವ್ ರಿಡ್ಲೆ ಕಡಲಾಮೆಗಳು ಬರುತ್ತವೆ. ಒಂದು ಆಮೆ ಒಮ್ಮೆಗೆ ಇಡುವುದು ಸುಮಾರು 100 ಮೊಟ್ಟೆ. ಮರಿ ಹೊರಬರಲು 45ರಿಂದ 60 ದಿನ ಬೇಕು. ನಾಯಿ ಅದನ್ನೆಲ್ಲ ಒಂದೇ ರಾತ್ರಿ ಬಗೆದು ತಿನ್ನಬಲ್ಲದು. 1972ರ ವನ್ಯಜೀವಿ ಕಾಯ್ದೆ ಈ ಆಮೆಗಳನ್ನು ಕಾಯುತ್ತದೆ ನಿಜ. ಆದರೆ ಕಾಯ್ದೆ ಓದಬೇಕಾದವರು ನಾವು, ನಾಯಿಯಲ್ಲ.

"ಬೀದಿನಾಯಿಗಳು ಬಗೆಯುವುದಿಲ್ಲವೇ, ನಮ್ಮದನ್ನೇ ಯಾಕೆ ಕಟ್ಟಬೇಕು?" ಎನ್ನುವವರಿದ್ದಾರೆ. ಬೀದಿನಾಯಿಯ ಕೆಲಸ ಪಂಚಾಯ್ತಿಯದು. ಸಾಕಿದ ನಾಯಿ ನಮ್ಮ ಹೊಣೆ.

ನಾಯಿ ತರಲೇಬೇಡಿ ಎಂದು ನಾವು ಹೇಳುತ್ತಿಲ್ಲ. ಅನುಮತಿ ಇದೆಯೇ ಎಂದು ಮೊದಲು ಅರಣ್ಯ ಇಲಾಖೆಯವರನ್ನು ಕೇಳಿ. ರೇಬೀಸ್ ಲಸಿಕೆ ಹಾಕಿಸಿರಿ. ಗಟ್ಟಿ ಹಗ್ಗ, ಕುಡಿಯಲು ಒಂದು ಬಾಟಲಿ ನೀರು ಜೊತೆಗಿರಲಿ. ಆಮೆ ಮೊಟ್ಟೆ ಇಡುವ ತಿಂಗಳುಗಳಲ್ಲಿ ಮರಳಿಗೆ ಮಾತ್ರ ನಾಯಿ ಬೇಡವೇ ಬೇಡ.

ಕರಿಯ ಈಗಲೂ ನಮ್ಮ ಜೊತೆ ಬರುತ್ತಾನೆ. ಹಗ್ಗದ ತುದಿ ನಮ್ಮ ಕೈಯಲ್ಲೇ ಇರುತ್ತದೆ.