ಹೆಸರಿಗಲ್ಲ, ಹದಕ್ಕೆ ಬೆಲೆ

ವಿದ್ಯುತ್ ಉಪಕರಣಗಳ ಮಾರುಕಟ್ಟೆಯಲ್ಲಿ ‘ನ್ಯಾನೊ ಕೋರ್’ ಎಂಬ ಹೆಸರು ಇಂದು ಚಲಾವಣೆಯಲ್ಲಿದೆ. ಇನ್‌ವರ್ಟರ್, ವಿದ್ಯುತ್ ವಾಹನಗಳ ಚಾರ್ಜರ್, ಕರೆಂಟ್ ಟ್ರಾನ್ಸ್‌ಫಾರ್ಮರ್ ಮೊದಲಾದವುಗಳಲ್ಲಿ ಕಬ್ಬಿಣ ಪ್ರಧಾನವಾದ ಈ ಮೃದು ಕಾಂತೀಯ ಮಿಶ್ರಲೋಹ ಬಳಕೆಯಾಗುತ್ತಿದೆ. ಆದರೆ ಹೆಸರು ಮತ್ತು ದರ ಇವೆರಡನ್ನೇ ನೋಡಿ ಇದನ್ನು ಖರೀದಿಸುವುದು ನಷ್ಟದ ದಾರಿ. ಈ ವಸ್ತುವಿನ ಗುಣ ಅದರಲ್ಲಿರುವ ಧಾತುಗಳಿಂದ ಮಾತ್ರ ನಿರ್ಧಾರವಾಗುವುದಿಲ್ಲ. ಕುಲುಮೆಯಲ್ಲಿ ದೊರೆತ ಹದದಿಂದ ನಿರ್ಧಾರವಾಗುತ್ತದೆ.

ಜಪಾನಿನ ಹಿಟಾಚಿ ಮೆಟಲ್ಸ್ ಸಂಸ್ಥೆಯ ಯೋಶಿಝಾವಾ ಮತ್ತು ಅವರ ಸಹೋದ್ಯೋಗಿಗಳು 1988ರಲ್ಲಿ ಪ್ರಕಟಿಸಿದ ‘ಫೈನ್‌ಮೆಟ್’ ಈ ವರ್ಗದ ಮೂಲ. ಅದರ ಪ್ರತಿ ನೂರು ಪರಮಾಣುಗಳಲ್ಲಿ ಕಬ್ಬಿಣ 73.5, ಸಿಲಿಕಾನ್ 13.5, ಬೋರಾನ್ 9, ನಿಯೋಬಿಯಂ 3 ಮತ್ತು ತಾಮ್ರ 1. ಕರಗಿದ ಲೋಹವನ್ನು ವೇಗವಾಗಿ ತಿರುಗುವ ಚಕ್ರದ ಮೇಲೆ ಹರಿಸಿ, ಸೆಕೆಂಡಿಗೆ ಸುಮಾರು ಹತ್ತು ಲಕ್ಷ ಡಿಗ್ರಿ ವೇಗದಲ್ಲಿ ತಣಿಸಿದಾಗ 20 ಮೈಕ್ರಾನ್ ಆಸುಪಾಸಿನ ದಪ್ಪದ ಪಟ್ಟಿ ದೊರೆಯುತ್ತದೆ. ಆಗ ಅದು ಗಾಜಿನಂತೆ ಹರಳುರಹಿತ. ಅದನ್ನು ಕೋರ್ ಆಕಾರಕ್ಕೆ ಸುತ್ತಿ, ಸುಮಾರು 550 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಕಾಯಿಸಿದಾಗಲೇ ಹರಳುಗಳು ಮೂಡುತ್ತವೆ. ತಾಮ್ರವು ಅಸಂಖ್ಯ ಹರಳುಗಳಿಗೆ ಬೀಜವಾಗುತ್ತದೆ. ನಿಯೋಬಿಯಂ ಅವುಗಳ ಬೆಳವಣಿಗೆಯನ್ನು ತಡೆದು 10ರಿಂದ 15 ನ್ಯಾನೊಮೀಟರ್ ಗಾತ್ರದಲ್ಲಿ ನಿಲ್ಲಿಸುತ್ತದೆ.

ಈ ಗಾತ್ರವೇ ವಸ್ತುವಿನ ಜೀವಾಳ. ಜರ್ಮನಿಯ ವಿಜ್ಞಾನಿ ಹೆರ್ಟ್ಸರ್ 1990ರಲ್ಲಿ ವಿವರಿಸಿದಂತೆ, ಈ ಸೂಕ್ಷ್ಮ ಹಂತದಲ್ಲಿ ಹರಳು ಎರಡು ಪಟ್ಟಾದರೆ ಕಾಂತತ್ವವನ್ನು ಅಳಿಸಲು ಬೇಕಾದ ಬಲ 64 ಪಟ್ಟಾಗಬಲ್ಲದು. ಹರಳುಗಟ್ಟುವಾಗ ಲೋಹವೇ ಶಾಖವನ್ನು ಹೊರಸೂಸುತ್ತದೆ. ಕುಲುಮೆಯಲ್ಲಿ ಒತ್ತೊತ್ತಾಗಿ ಕೋರ್‌ಗಳನ್ನು ತುಂಬಿದರೆ ಒಳಗಿನವು ಮಿತಿಮೀರಿ ಕಾಯಬಹುದು. ಆಗ ಕಬ್ಬಿಣದ ಬೋರೈಡ್ ಹರಳುಗಳು ಮೂಡಿ ಕಾಂತೀಯ ಮೃದುತ್ವ ಕೆಡುತ್ತದೆ. ಹೊರನೋಟಕ್ಕೆ ಒಳ್ಳೆಯ ಕೋರ್‌ಗೂ ಕೆಟ್ಟ ಕೋರ್‌ಗೂ ವ್ಯತ್ಯಾಸ ಕಾಣದು.

ಇದರ ಪರಿಣಾಮ ಲೆಕ್ಕದ ಪುಸ್ತಕಕ್ಕಷ್ಟೇ ಸೀಮಿತವಲ್ಲ. ಮನೆಗಳಲ್ಲಿ 30 ಮಿಲಿ ಆಂಪಿಯರ್ ಸೋರಿಕೆಗೆ ಸಂಪರ್ಕ ಕಡಿಯಬೇಕಾದ ರಕ್ಷಕ ಸ್ವಿಚ್ಚಿನಲ್ಲಿಯೂ ಇಂತಹ ಕೋರ್ ಇರುತ್ತದೆ. ಅದು ಮಂದವಾದರೆ ಅಪಾಯ ಬಳಕೆದಾರನ ಪ್ರಾಣಕ್ಕೆ, ಅಪಕೀರ್ತಿ ತಯಾರಕನ ಹೆಸರಿಗೆ.

ಹಾಗೆಂದು ಎಲ್ಲ ಕಡೆಯೂ ನ್ಯಾನೊ ಕೋರ್ ಬೇಕೆಂಬ ಮೋಹವೂ ಸಲ್ಲದು. ಫೈನ್‌ಮೆಟ್‌ನ ಕಾಂತೀಯ ಸಂತೃಪ್ತಿ ಸುಮಾರು 1.2 ಟೆಸ್ಲಾ, ಸಿಲಿಕಾನ್ ಉಕ್ಕಿನದು ಸುಮಾರು 2 ಟೆಸ್ಲಾ. 50 ಹರ್ಟ್ಸ್‌ನ ಸಾಮಾನ್ಯ ಟ್ರಾನ್ಸ್‌ಫಾರ್ಮರಿಗೆ ಹಳೆಯ ಉಕ್ಕೇ ಲೇಸು. ಅಧಿಕ ಆವರ್ತನ ಮತ್ತು ಸೂಕ್ಷ್ಮ ಮಾಪನ ಇರುವಲ್ಲಿ ಮಾತ್ರ ಹೊಸ ವಸ್ತುವಿಗೆ ಕೊಟ್ಟ ಹೆಚ್ಚಿನ ಹಣ ಸಾರ್ಥಕ.

ಪ್ರತಿ ಸರಕಿನ ಪರೀಕ್ಷೆ ಸಣ್ಣ ಘಟಕಕ್ಕೆ ಹೊರೆಯೆಂಬ ಮಾತಿನಲ್ಲಿ ಹುರುಳಿದೆ. ಆದರೆ ಸರಕಿನಿಂದ ಕೆಲವು ಮಾದರಿಗಳನ್ನು ಆಯ್ದು, ಸ್ವಂತ ಉಪಕರಣದ ಆವರ್ತನ ಮತ್ತು ತಾಪಮಾನದಲ್ಲಿ ಅಳೆದು ನೋಡುವುದು ಅಸಾಧ್ಯವಲ್ಲ. ಖರೀದಿ ಆದೇಶದಲ್ಲಿ ಶಕ್ತಿನಷ್ಟದ ಮಿತಿಯನ್ನೂ ಶಾಖಸಂಸ್ಕಾರದ ದಾಖಲೆಯನ್ನೂ ಷರತ್ತಾಗಿ ನಮೂದಿಸುವುದಕ್ಕೆ ಖರ್ಚೇನೂ ಇಲ್ಲ. ಒಂದೊಂದು ಕೈಗಾರಿಕಾ ಪ್ರದೇಶದ ಉದ್ಯಮಿಗಳು ಒಟ್ಟುಗೂಡಿ ಒಂದು ಸಾಮೂಹಿಕ ಪರೀಕ್ಷಾ ವ್ಯವಸ್ಥೆಯನ್ನು ಹೊಂದುವುದು ಇನ್ನೂ ಉತ್ತಮ. ಅಳೆದು ಕೊಳ್ಳುವ ಗ್ರಾಹಕನಿದ್ದಲ್ಲಿ ಮಾತ್ರ ಹದವರಿತ ಸರಕು ಮಾರುಕಟ್ಟೆಗೆ ಬರುತ್ತದೆ.